ಸಿಡಿಲಿಗೆ ಬಾರಿಸುವ ಗಂಟೆ

ಬಬಲೇಶ್ವರದಿಂದ ನಿಡೋಣಿಯ ಕಡೆ ಹೋಗುವಾಗ, ದ್ರಾಕ್ಷಿ ತೋಟಗಳ ಸಾಲು ಮುಗಿದು ಬಟಾಬಯಲು ಎರೆಹೊಲ ಶುರುವಾಗುವ ಕಡೆ, ಎಡಕ್ಕೊಂದು ಸಣ್ಣ ಊರು ಸಿಗುತ್ತದೆ. ಊರು ಚಿಕ್ಕದು, ಅದರ ಚರ್ಚು ದೊಡ್ಡದು. ಹಿಂದೆ ಯಾರೋ ಮಿಶನರಿ ಬಹಳ ಆಸೆ ಇಟ್ಟುಕೊಂಡು ಕಟ್ಟಿಸಿದ ಕಲ್ಲಿನ ಚರ್ಚು. ಅದಕ್ಕೊಂದು ಎತ್ತರದ ಗೋಪುರ, ಗೋಪುರದಲ್ಲೊಂದು ಕಂಚಿನ ಗಂಟೆ. ಭಾನುವಾರ ಆ ಗಂಟೆ ಕೇಳಿ ಬರುವವರು ಬೆರಳೆಣಿಕೆಯ ಕ್ರೈಸ್ತ ಮನೆಯವರು. ಬೇಸಿಗೆಯ ಕೊನೆಗೆ ಪಡುವಣ ದಿಕ್ಕಿನಲ್ಲಿ ಮೋಡ ಕಪ್ಪಿಟ್ಟು ಗುಡುಗು ಶುರುವಾದರೆ ಮಾತ್ರ ಅದು ಇಡೀ ಊರಿನ ಗಂಟೆ. ಆಗ ನೀಲಾಬಾಯಿ ಹೋಗಿ ಬಾರಿಸುತ್ತಾಳೆ, ಬಾರಿಸಿದರೆ ಸಿಡಿಲು ಊರು ಬಿಟ್ಟು ಹೋಗುತ್ತದೆ ಎಂದು ಎಲ್ಲರ ನಂಬಿಕೆ. ನಂಬಿಕೆಗೆ ಆಧಾರವೂ ಇತ್ತು. ಸುತ್ತಲಿನ ಊರುಗಳಲ್ಲಿ ಆಗಾಗ ಯಾರಾದರೂ ಸಿಡಿಲಿಗೆ ಸಿಕ್ಕು ಸಾಯುತ್ತಿದ್ದರು; ಈ ಊರಿನಲ್ಲಿ ಹಿರಿಯರಿಗೆ ನೆನಪಿರುವ ಮಟ್ಟಿಗೆ ಒಬ್ಬರೂ ಸತ್ತಿರಲಿಲ್ಲ.

ನೀಲಾಬಾಯಿಗೆ ಎಪ್ಪತ್ತು ದಾಟಿತ್ತು. ಗಂಟೆ ಬಾರಿಸುವ ಕೆಲಸ ಮೊದಲು ಅವಳ ತಂದೆಯದು. ತಂದೆಯ ತೋಳು ಸೋತ ಮೇಲೆ ಅವಳದಾಯಿತು. ಸಂಬಳ ಗಿಂಬಳ ಏನೂ ಇಲ್ಲ. ಊರವರೆಲ್ಲ ಅವಳನ್ನು ಗಂಟಿ ಆಯಿ ಎಂದೇ ಕರೆಯುತ್ತಿದ್ದರು, ಅವಳ ನಿಜವಾದ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತಿತ್ತು. ಮೂಗಿನ ತುದಿಯಲ್ಲೇ ಸಿಟ್ಟು. ಗಂಟೆ ಬಾರಿಸುವಾಗ ಯಾರಾದರೂ ಮಾತಾಡಿಸಿದರೆ ಆ ವಾರವೆಲ್ಲ ಅವರ ಜೊತೆ ಮಾತು ಬಂದ್. ಆದರೆ ಆ ವಯಸ್ಸಿನಲ್ಲೂ, ಕಾಲು ಊದಿಕೊಂಡಿರಲಿ, ಜ್ವರವೇ ಬಂದಿರಲಿ, ಮೋಡ ಕಂಡರೆ ಅವಳು ಗೋಪುರಕ್ಕೆ ಹೋಗದೆ ಇದ್ದ ದಿನವಿಲ್ಲ.

ಇಂಥ ಊರಿಗೆ ಸೌಭಾಗ್ಯ ಕಟ್ಟೀಮನಿ ಸಭಾಪಾಲಕಿಯಾಗಿ ಬಂದಳು. ಗಂಡಸು ಪಾದ್ರಿಗಳನ್ನು ಅಯ್ಯನವರು ಎಂದು ಕರೆದು ರೂಢಿಯಾದ ಜನ, ಹೆಣ್ಣು ಪಾದ್ರಿಯನ್ನು ಏನೆಂದು ಕರೆಯಬೇಕೋ ತಿಳಿಯದೆ ನಾಲ್ಕು ದಿನ ತಡವರಿಸಿ, ಕೊನೆಗೆ ಶಾಲೆಯ ಟೀಚರಿಗೆ ಅನ್ನುವ ಹಾಗೆ ಅಕ್ಕಾರ ಎಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ, ಅವಳು ನಿಜವಾಗಿಯೂ ಟೀಚರೇ ಆಗಿದ್ದವಳು. ವಿಜಯಪುರದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಮೂವತ್ತು ದಾಟಿದ ಮೇಲೆ ಕೆಲಸ ಬಿಟ್ಟು ದೈವಶಾಸ್ತ್ರ ಓದಲು ಹೋದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ, ಎರಡನ್ನೂ ಒಂದೇ ನೊಗಕ್ಕೆ ಕಟ್ಟಲು ಹೊರಟಿದ್ದಾಳೆ ಎಂದು ಜೊತೆಯ ಉಪನ್ಯಾಸಕರು ನಕ್ಕಿದ್ದರು. ಅವಳಿಗೆ ಹಾಗೆ ಅನ್ನಿಸಿರಲಿಲ್ಲ. ಲೋಕ ನಿಯಮ ತಪ್ಪದೆ ನಡೆಯುತ್ತದೆ ಎಂಬುದು ದೇವರಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಅವಳಿಗೆ ಎಂದೂ ಕಂಡಿರಲಿಲ್ಲ, ದೇವರು ಮಾತಿಗೆ ತಪ್ಪುವವನಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಕಂಡಿತ್ತು. ಕರಿಹಲಗೆಯ ಮೇಲೆ ಸಮೀಕರಣ ಬರೆಯುವಾಗಲೂ ಅವಳಿಗೆ ಒಳಗೊಳಗೇ ಕೈಮುಗಿಯಬೇಕು ಅನ್ನಿಸುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ವರ್ಷದ ಮೊದಲ ಗುಡುಗು ಕೇಳಿತು. ಹಿಂದೆಯೇ ಗಂಟೆ. ಸೌಭಾಗ್ಯ ಚರ್ಚಿನ ಅಂಗಳದಾಚೆಗಿದ್ದ ತನ್ನ ಮನೆಯಿಂದ ಕುತೂಹಲಕ್ಕೆ ಎದ್ದು ಬಂದು ನೋಡಿದಳು. ಗೋಪುರದ ಬಾಗಿಲು ತೆರೆದಿತ್ತು. ಒಳಗೆ ನೀಲಾಬಾಯಿ ಬರಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ, ಬಾಯಲ್ಲಿ ಪ್ರಾರ್ಥನೆ ಹೇಳುತ್ತ, ಎರಡೂ ಕೈಯಿಂದ ಜಗ್ಗಿ ಜಗ್ಗಿ ಗಂಟೆ ಬಾರಿಸುತ್ತಿದ್ದಳು. ಜಗ್ಗುತ್ತಿದ್ದುದು ಹಗ್ಗವನ್ನಲ್ಲ, ಕಬ್ಬಿಣದ ಸರಪಳಿಯನ್ನು. ಸುತ್ತಲಿನ ಬಯಲಿಗೆಲ್ಲ ಎತ್ತರವಾದ ಗೋಪುರ, ಅದರ ನೆತ್ತಿಗೆ ಕಬ್ಬಿಣದ ಶಿಲುಬೆ, ಶಿಲುಬೆಯ ಕೆಳಗೆ ಗಂಟೆ, ಗಂಟೆಯಿಂದ ಇಳಿದ ಸರಪಳಿ, ಸರಪಳಿಯ ತುದಿಗೆ ಒಬ್ಬ ಮುದುಕಿ. ಬೇಕೆಂದು ಕೂತು ಯೋಚಿಸಿದರೂ ಸಿಡಿಲಿಗೆ ಇದಕ್ಕಿಂತ ಒಳ್ಳೆಯ ದಾರಿ ಮಾಡಿಕೊಡಲು ಆಗುತ್ತಿರಲಿಲ್ಲ.

ಪುಣ್ಯಕ್ಕೆ ಅಂದಿನ ಮೋಡ ಹಾಗೇ ಚದುರಿತು. ಸರಪಳಿಯ ಕಥೆ ಆಮೇಲೆ ತಿಳಿಯಿತು. ಅದನ್ನು ಹಾಕಿಸಿದವನು ಮಶಾಕಸಾಬ, ಇದೇ ಊರಿನವನು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವರ್ಕ್‌ಶಾಪ್ ಇಟ್ಟಿದ್ದಾನೆ. ಅವನ ತಾಯಿ ಮಾಬುಬಿ ಇನ್ನೂ ಊರಲ್ಲೇ ಆಡು ಮೇಯಿಸಿಕೊಂಡಿದ್ದಾಳೆ. ಹಿಂದಿನ ವರ್ಷ ಗಂಟೆ ಬಾರಿಸಿದ ಸ್ವಲ್ಪ ಹೊತ್ತಿಗೆ, ಅವಳು ದಿನಾ ಕೂರುವ ಬೇವಿನ ಮರಕ್ಕೇ ಸಿಡಿಲು ಬಡಿದಿತ್ತು, ಅವಳಿಗೆ ಏನೂ ಆಗಿರಲಿಲ್ಲ. ಗಂಟೆಯೇ ತನ್ನ ಅವ್ವನನ್ನು ಉಳಿಸಿತೆಂದು ಮಶಾಕಸಾಬನ ಲೆಕ್ಕ. ಹಳೆಯ ಹಗ್ಗ ಜೀರ್ಣವಾದುದನ್ನು ಕಂಡು, ಇನ್ನು ಮುಂದೆ ಎಂದೂ ಹರಿಯಬಾರದೆಂದು, ಒಳ್ಳೆಯ ಸರಪಳಿ ತಂದು ಗಂಟೆಯ ತೋಳಿಗೆ ತಾನೇ ಕೈಯಾರೆ ವೆಲ್ಡಿಂಗ್ ಮಾಡಿ ಕೊಟ್ಟಿದ್ದ. ಅಂಥ ಉಡುಗೊರೆಯನ್ನು ಬೈಯುವುದಾದರೂ ಹೇಗೆ.

ಸೌಭಾಗ್ಯ ನೀಲಾಬಾಯಿಯನ್ನು ಚರ್ಚಿನ ಮೆಟ್ಟಿಲ ಮೇಲೆ ಕೂರಿಸಿಕೊಂಡಳು.

“ಆಯಿ, ಮೋಡ ಆದಾಗ ಆ ಸರಪಳಿ ಮುಟ್ಟಬ್ಯಾಡ್ರಿ. ಗೋಪುರಕ್ಕ ಸಿಡ್ಲು ಬಡದ್ರ ಅದನ್ನ ಹಿಡಕೊಂಡ ಕೆಳಗ ಇಳೀತೈತಿ. ನೀವು ಉಳಿಯೂದಿಲ್ಲ.”

“ಗಂಟಿ ಬಾರಿಸಿದ ಮ್ಯಾಲ ಹೆಂಗ ಬಡೀತೈತ್ರಿ?”

“ಸಿಡ್ಲು ಗಂಟಿ ಸಪ್ಪಳಕ್ಕ ಹೆದರೂದಿಲ್ಲ ಆಯಿ. ಕರ್ತ ಹಾಕಿಕೊಟ್ಟ ನಿಯಮದಂಗ ಅದು ನಡೀತೈತಿ.”

ನೀಲಾಬಾಯಿ ಸೆರಗಿನಿಂದ ಕತ್ತು ಒರೆಸಿಕೊಂಡಳು. “ಹಂಗಾರ ಕರ್ತ ಏನ ಮಾಡ್ತಾನ? ನಿಯಮ ಹಾಕಿಕೊಟ್ಟು ಕೈ ಕಟಗೊಂಡು ಕುಂತಾನೇನು? ಹೋದ ಐತವಾರ ಮಳಿ ಸಲುವಾಗಿ ಪ್ರಾರ್ಥನಿ ಮಾಡಿದ್ರಲ್ಲ ಅಕ್ಕಾರ, ಅದನ್ನ ಯಾರಿಗೆ ಮಾಡಿದ್ರಿ?”

ಇದೇ ಪ್ರಶ್ನೆಯ ಮೇಲೆ ಸೌಭಾಗ್ಯ ಓದುವಾಗ ಉದ್ದನೆಯ ಪ್ರಬಂಧ ಬರೆದಿದ್ದಳು. ಪರಮಾಣುವಿನ ಒಳಗೆ, ಮುಂದೇನಾಗುತ್ತದೆ ಎಂದು ಯಾವ ನಿಯಮವೂ ಖಚಿತವಾಗಿ ಹೇಳಲಾರದ ಸಣ್ಣ ಸಂದುಗಳಿವೆ, ದೇವರು ಅಲ್ಲಿಂದ ಕೈಹಾಕಿ ಲೋಕ ನಡೆಸುತ್ತಾನೆ ಎಂದು ಕೆಲವು ಪಂಡಿತರು ಹೇಳಿದ್ದರು. ಅವಳು ಅದನ್ನು ಒಪ್ಪಿರಲಿಲ್ಲ. ತನ್ನ ಮನೆಗೆ ತಾನೇ ಕಿಟಕಿಯಿಂದ ನುಗ್ಗುವ ಯಜಮಾನ ಎಲ್ಲಿಯಾದರೂ ಉಂಟೇ ಎಂದು ಬರೆದಿದ್ದಳು, ಗುರುಗಳು ತಲೆದೂಗಿದ್ದರು. ಆದರೆ ಕಿಟಕಿಯಲ್ಲದಿದ್ದರೆ ಯಾವ ಬಾಗಿಲು ಎಂಬುದನ್ನು ಅವಳೂ ನೆಟ್ಟಗೆ ಹೇಳಿರಲಿಲ್ಲ. ಪ್ರಬಂಧಕ್ಕೆ ಅಂಕ ಬಂದಿತ್ತು, ಮುದುಕಿಗೆ ಉತ್ತರ ಸಿಗಲಿಲ್ಲ.

ಉತ್ತರ ಸಿಗದವರು ಬೀಗ ಹುಡುಕುತ್ತಾರೆ. ಸೌಭಾಗ್ಯ ಮರುದಿನವೇ ಬಬಲೇಶ್ವರಕ್ಕೆ ಹೋಗಿ ದಪ್ಪ ಬೀಗ ತಂದು ಗೋಪುರದ ಬಾಗಿಲಿಗೆ ಹಾಕಿದಳು. ಮಶಾಕಸಾಬನಿಗೆ ಫೋನ್ ಮಾಡಿ ವಿಷಯ ಹೇಳಿದಳು. ಅವನು ಗಾಬರಿಯಾಗಿ, ಮಷಿನ್ ತಂದು ಸರಪಳಿ ಕೊಯ್ದು ಹಾಕುವುದಾಗಿಯೂ, ಸಿಡಿಲನ್ನು ನೇರ ನೆಲಕ್ಕಿಳಿಸುವ ತಾಮ್ರದ ಪಟ್ಟಿಯನ್ನು ಗೋಪುರಕ್ಕೆ ಕೂರಿಸಿಕೊಡುವುದಾಗಿಯೂ ಮಾತು ಕೊಟ್ಟ. ತಾಮ್ರ ಬರಲು ಸ್ವಲ್ಪ ದಿನ ಬೇಕಿತ್ತು. ಊರಿನ ಕಟ್ಟೆಯ ಮೇಲೆ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಮಾತಾಯಿತು. ಪೂಜಾರಿಗೂ ಪಾದ್ರಿಗೂ ಇರುವ ವ್ಯತ್ಯಾಸವನ್ನು ಯಾರೂ ಹುಡುಕಲು ಹೋಗಲಿಲ್ಲ. ನೀಲಾಬಾಯಿ ಏನೂ ಅನ್ನಲಿಲ್ಲ. ಭಾನುವಾರ ಕೊನೆಯ ಬೆಂಚಿನಲ್ಲಿ ಕೂತಳು, ಎಲ್ಲರೂ ಹಾಡುವಾಗ ತುಟಿ ಬಿಚ್ಚಲಿಲ್ಲ. ಅವಳ ಸಿಟ್ಟನ್ನು ತಾಳಿಕೊಳ್ಳಬಹುದಿತ್ತು, ಆ ಮೌನ ಸೌಭಾಗ್ಯಳಿಗೆ ಬಹಳ ನೋವು ಕೊಟ್ಟಿತು. ಬೈದರೂ ಬೈಯಲಿ, ಜೀವಂತ ಇರಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ವಾರ ಕಳೆಯುವುದರೊಳಗೆ ಮತ್ತೆ ಮೋಡ ಕವಿಯಿತು. ಈ ಸಲ ಗಂಟೆ ಆಗಲಿಲ್ಲ. ಸೌಭಾಗ್ಯ ಕಿಟಕಿಯ ಬಳಿ ನಿಂತು, ನೀಲಾಬಾಯಿ ತನ್ನ ಮನೆಯಲ್ಲಿ ಬೆಚ್ಚಗೆ ಇದ್ದಾಳಲ್ಲ ಎಂದು ಸಮಾಧಾನಪಟ್ಟಳು. ಅಷ್ಟರಲ್ಲಿ ಹೊಲದ ಕಡೆಯಿಂದ ಕಿವಿ ಒಡೆಯುವಂಥ ಸಪ್ಪಳ ಬಂತು.

ಮಳೆ ನಿಂತ ಮೇಲೆ ಮಾಬುಬಿ ಬಂದಳು. ಮೊಣಕಾಲವರೆಗೆ ಕೆಸರು, ಮೈಯೆಲ್ಲ ನಡುಗುತ್ತಿತ್ತು. ಸೌಭಾಗ್ಯ ಟವೆಲ್ಲು ತಂದು ಹೊದಿಸಿ ಕೂರಿಸಿದಳು.

“ಅಕ್ಕಾರ, ಇವತ್ತ ಗಂಟಿ ಯಾಕ ಆಗಲಿಲ್ಲ?” ಎಂದಳು ಮಾಬುಬಿ. ದಿನವೆಲ್ಲ ಹೊಲದಲ್ಲೇ ಇರುವ ಅವಳಿಗೆ ಬೀಗದ ಸುದ್ದಿ ಮುಟ್ಟಿರಲಿಲ್ಲ. “ಗಂಟಿ ಆಗಲಿಲ್ಲಂತ ನಾ ಬೇವಿನ ಗಿಡದ ಬುಡಕ್ಕ ಕುಂತಿದ್ದೆ. ಇನ್ನಾ ಹೊತ್ತೈತಿ, ಗಂಟಿ ಆದ ಮ್ಯಾಲ ಎದ್ರಾತು ಅಂತ. ಒಂದ ಮರಿ ತಪ್ಪಿಸಿಕೊಂಡು ಓಡ್ತು. ಅದನ್ನ ಹಿಡ್ಯಾಕ ಹೋಗಿದ್ದಕ್ಕ ಉಳದೇನಿ. ಸಿಡ್ಲು ಗಿಡಕ್ಕ ಬಡೀತು, ಬುಡಕ್ಕಿದ್ದ ಎರಡು ಆಡು ಸತ್ತು ಬಿದ್ದಾವ.”

“ಗಂಟಿ ಆಗಿದ್ರ ಏನ ಮಾಡ್ತಿದ್ರಿ?”

“ಏನ ಮಾಡೂದು, ಮನಿಗೆ ಬರೂದು. ಗಂಟಿ ಆದ ಮ್ಯಾಲ ಹೊಲದಾಗ ಯಾರ ನಿಂದರ್ತಾರ್ರಿ? ಹೂಡಿದ ಎತ್ತು ಬಿಚ್ಚಿ ಬರ್ತಾರ. ನಾ ಸಣ್ಣಾಕಿ ಇದ್ದಾಗಿಂದ ಇದ ಪದ್ಧತಿ. ಗಂಟಿ ಆತಂದ್ರ ಎಲ್ಲಾರೂ ಮನಿ ಸೇರಿ, ನಿಮ್ಮವರು ಕರ್ತನ್ನ ನೆನಿತಾರ, ನಾವು ಅಲ್ಲಾನ್ನ ನೆನಿತೀವಿ, ಗೌಡ್ರ ಮನ್ಯಾಗ ಶಿವನ್ನ ನೆನಿತಾರ. ಅದಕ್ಕ ಸಿಡ್ಲು ಯಾರನ್ನೂ ಮುಟ್ಟೂದಿಲ್ಲ.”

ಸೌಭಾಗ್ಯಳಿಗೆ ಆಗ ಹೊಳೆಯಿತು. ಹಿಂದಿನ ವರ್ಷವೂ ಬೇವಿನ ಮರಕ್ಕೆ ಸಿಡಿಲು ಬಡಿದೇ ಇತ್ತು. ಸಿಡಿಲು ಸರಿದಿರಲಿಲ್ಲ, ಮಾಬುಬಿ ಸರಿದಿದ್ದಳು. ಇಷ್ಟು ವರ್ಷ ಈ ಬಯಲಿನ ಜನ ಒಬ್ಬೊಬ್ಬರೂ ಗಂಟೆ ಕೇಳಿ ಮರದ ಬುಡ ಬಿಟ್ಟು, ಹೊಲ ಬಿಟ್ಟು ಮನೆ ಸೇರಿದ್ದರು, ಅದಕ್ಕೇ ಉಳಿದಿದ್ದರು. ತಾನು ಒಬ್ಬಳನ್ನು ಉಳಿಸಲು ಹೋಗಿ ಊರನ್ನೇ ಉಳಿಸುತ್ತಿದ್ದ ಬಾಗಿಲಿಗೆ ಬೀಗ ಹಾಕಿದ್ದಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಆ ಆಡಿನ ಮರಿ ಓಡದೆ ಇದ್ದಿದ್ದರೆ ಮಾಬುಬಿಯೂ ಉಳಿಯುತ್ತಿರಲಿಲ್ಲ. ಕಲಿಸಿದ ಭೌತಶಾಸ್ತ್ರ ತಪ್ಪಿರಲಿಲ್ಲ, ಅದನ್ನು ಗೋಪುರದ ತನಕ ಮಾತ್ರ ಒಯ್ದು ಹೊಲದ ತನಕ ಒಯ್ಯದೆ ಇದ್ದುದು ತಪ್ಪಾಗಿತ್ತು.

ಅಂದೇ ಸಂಜೆ ಅವಳು ಬೀಗದ ಕೈ ಹಿಡಿದು ನೀಲಾಬಾಯಿಯ ಮನೆಗೆ ಹೋದಳು. ನೀಲಾಬಾಯಿ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ. ಸೌಭಾಗ್ಯ ಪಕ್ಕದಲ್ಲಿ ನೆಲಕ್ಕೇ ಕೂತು, “ಆಯಿ, ನಂದ ತಪ್ಪಾತು” ಎಂದು ಮಾಬುಬಿ ಹೇಳಿದ್ದನ್ನೆಲ್ಲ ಹೇಳಿದಳು. ಗಂಟೆ ನಿಜವಾಗಿ ಊರನ್ನು ಹೇಗೆ ಉಳಿಸಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ.

ರೊಟ್ಟಿ ಬಡಿಯುವ ಕೈ ನಿಂತಿತು.

“ಹಂಗಾರ ಸಿಡ್ಲಿಗೆ ನನ್ನ ಗಂಟಿ ಕೇಳಿಸಿಲ್ಲ,” ಎಂದಳು ನೀಲಾಬಾಯಿ. “ಮಂದಿ ತಮ್ಮ ಕಾಲಿಂದ ತಾವ ಓಡಿ ಉಳದಾರ. ಕರ್ತ ಏನೂ ಮಾಡಿಲ್ಲ. ನಮ್ಮಪ್ಪ, ನಾನು, ಇಷ್ಟ ವರ್ಷ ಸುಮ್ನ…” ಮುಂಗೋಪಿ ಮುದುಕಿಯ ಕಣ್ಣಲ್ಲಿ ನೀರು ತುಂಬಿತು. ಜೀವ ಉಳಿಸಲು ಬಂದು ಜೀವಕ್ಕಿಂತ ದೊಡ್ಡದನ್ನು ಕಿತ್ತುಕೊಂಡೆನೇ ಎಂದು ಸೌಭಾಗ್ಯಳಿಗೆ ಅನ್ನಿಸಿತು.

ಹಂಚಿನ ಮೇಲಿದ್ದ ರೊಟ್ಟಿಯನ್ನು ನೀಲಾಬಾಯಿ ರೂಢಿಯಂತೆ ತೆಗೆದು ಕೆಂಡದ ಮುಂದೆ ನಿಲ್ಲಿಸಿದಳು. ಅದು ಮೆಲ್ಲಗೆ ಉಬ್ಬಿತು. ಸೌಭಾಗ್ಯ ಅದನ್ನೇ ನೋಡುತ್ತ ಕೂತಿದ್ದಳು.

“ಆಯಿ, ಈ ರೊಟ್ಟಿ ಯಾರು ಉಬ್ಬಿಸಿದ್ರು?”

“ಯಾರಂದ್ರ? ನಾನ.”

“ಒಲಿ ಉರಿ ಅಲ್ಲೇನ್ರಿ? ಹಿಟ್ಟಿನಾಗಿನ ನೀರು ಕಾದು ಉಗಿ ಆಗತೈತಿ, ಆ ಉಗಿ ಉಬ್ಬಸತೈತಿ. ನಾ ಹುಡುಗೂರಿಗೆ ಇದನ್ನ ಕಲಿಸೇನಿ.”

“ಉಗಿನ ಉಬ್ಬಸ್ಲಿ. ಹಿಟ್ಟ ನಾದಿದ್ದು ಯಾರು, ಬಡದದ್ದು ಯಾರು? ಉರಿ ತಾನ ಎದ್ದು ಬಂದು ರೊಟ್ಟಿ ಮಾಡತೈತೇನು?”

“ಹಂಗಾರ ಪಾಲು ಹಚ್ಚಿ ಹೇಳ್ರಿ. ಇದರಾಗ ನಿಮ್ಮದೆಷ್ಟು, ಉರೀದೆಷ್ಟು?”

ನೀಲಾಬಾಯಿ ಅಳು ಮರೆತು ಅವಳ ಮುಖ ನೋಡಿದಳು. “ಎಂಥಾ ಹುಚ್ಚ ಮಾತು ಕೇಳ್ತೀರಿ ಅಕ್ಕಾರ. ಇದರಾಗ ಪಾಲ ಎಲ್ಲಿಂದ ಬಂತು? ಪೂರಾ ಉರೀದ, ಪೂರಾ ನಂದ.”

ಪ್ರಬಂಧದಲ್ಲಿ ಸಿಗದೆ ಹೋದ ಬಾಗಿಲು ಅದೇ ಎಂದು ಸೌಭಾಗ್ಯಳಿಗೆ ಗೊತ್ತಾಯಿತು. “ಕರ್ತನ ಕೆಲಸಾನೂ ಹಂಗ ಆಯಿ,” ಎಂದಳು. “ಮಂದಿ ಓಡಿದ್ದು ಪೂರಾ ಮಂದೀದ, ಉಳಿಸಿದ್ದು ಪೂರಾ ಆತಂದ. ಇಷ್ಟು ನಿಯಮದ ಪಾಲು, ಇಷ್ಟು ಕರ್ತನ ಪಾಲು ಅಂತ ಕೊಯ್ದು ಕೊಡಾಕ ಬರೂದಿಲ್ಲ. ಸಿಡ್ಲಿಗೆ ಕಿವಿ ಇಲ್ಲ, ಮಂದಿಗೆ ಐತಿ. ಯಾರನ್ನ ಕರದ್ರ ಕೇಳತೈತಿ ಅನ್ನೂದು ಆತಗ ಗೊತ್ತಿತ್ತು. ನಿಮ್ಮಪ್ಪನ ಕೈಲೆ ಕರಸ್ಯಾನ, ನಿಮ್ಮ ಕೈಲೆ ಕರಸ್ಯಾನ.”

ನೀಲಾಬಾಯಿ ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು. “ಮತ್ತ ಹೊತ್ತಿದ ರೊಟ್ಟಿ?” ಎಂದು ಕೇಳಿದಳು. “ಹೋದ ವರ್ಷ ಆಚಿ ಊರಾಗ ಹಸಿ ಬಾಣಂತಿ ಸಿಡ್ಲಿಗೆ ಹೋದಳು. ಆಕೀನೂ ದೇವರನ್ನ ನೆನಿತಿದ್ದಳು.”

ಇದಕ್ಕೂ ಪುಸ್ತಕಗಳಲ್ಲಿ ಮಾತುಗಳಿದ್ದವು. ಸೌಭಾಗ್ಯ ಅವನ್ನು ತೆಗೆಯಲಿಲ್ಲ. “ಗೊತ್ತಿಲ್ಲ ಆಯಿ. ಅದನ್ನ ನಾನೂ ಕರ್ತನ್ನ ಕೇಳಾಕತ್ತೇನಿ.”

ನೀಲಾಬಾಯಿ ಉಬ್ಬಿದ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಾಕಿ ಅವಳ ಕೈಗಿಟ್ಟಳು. “ತಿನ್ರಿ. ಭಾಳ ಮಂದಿ ಪಾದ್ರಿ ನೋಡೇನಿ. ಗೊತ್ತಿಲ್ಲ ಅಂದಾಕಿ ನೀವ ಮೊದಲು.”

ಊಟದ ನಡುವೆ ಒಪ್ಪಂದದ ಮಾತು ಬಂತು. ತಿಕೋಟಾದ ಕಡೆ ಒಣದ್ರಾಕ್ಷಿ ಮಾಡುವವರು ಗುಡುಗು ಮಳೆಯ ಮುನ್ಸೂಚನೆಗೆ ಒಂದು ಆ್ಯಪ್ ಇಟ್ಟುಕೊಂಡಿರುತ್ತಾರೆ. ಮಶಾಕಸಾಬ ಅದನ್ನು ಸೌಭಾಗ್ಯಳ ಫೋನಿಗೂ ಹಾಕಿಸಿಕೊಟ್ಟಿದ್ದ. ಸೂಚನೆ ಬಂದ ಕೂಡಲೇ, ಗುಡುಗು ಇನ್ನೂ ದೂರ ಇರುವಾಗಲೇ ಗಂಟೆ ಬಾರಿಸುವುದು, ಗುಡುಗು ಹತ್ತಿರವಾಗುವ ಮೊದಲು ಸರಪಳಿ ಬಿಟ್ಟು ಸೌಭಾಗ್ಯಳ ಮನೆ ಸೇರುವುದು. ಬಾರಿಸುವ ಮಾತಿಗೆ ನೀಲಾಬಾಯಿ ಹೂಂ ಎಂದಳು. ಬಿಟ್ಟು ಬರುವ ಮಾತಿಗೆ ಹೂಂ ಅನ್ನಲಿಲ್ಲ. “ನಡುಮಳ್ಯಾಗ ಗಂಟಿ ಬಿಟ್ಟು ನಾ ಎಂದೂ ಬಂದಿಲ್ಲ. ನಮ್ಮಪ್ಪನೂ ಬಂದಿಲ್ಲ. ಕಾವಲು ಬಿಟ್ಟು ಓಡಿದಂಗ ಅದು. ನೋಡೂಣು,” ಎಂದಳು. ಬಲವಂತದ ಫಲ ಏನೆಂದು ಸೌಭಾಗ್ಯ ಆಗಲೇ ಕಲಿತಿದ್ದಳು, ಬೀಗದ ಕೈಯನ್ನು ಅಲ್ಲೇ ಗೂಡಿನಲ್ಲಿಟ್ಟು ಎದ್ದು ಬಂದಳು.

ಸೋಮವಾರ ತಾಮ್ರದ ಪಟ್ಟಿ ತರುತ್ತೇನೆ ಎಂದು ಮಶಾಕಸಾಬ ಹೇಳಿ ಕಳಿಸಿದ್ದ. ಮೋಡ ಶನಿವಾರವೇ ಬಂತು.

ಮಧ್ಯಾಹ್ನ ಫೋನು ಕಿರುಗುಟ್ಟಿದ್ದೇ ಸೌಭಾಗ್ಯ ಅಂಗಳಕ್ಕೆ ಓಡಿದಳು. ನೀಲಾಬಾಯಿ ಆಗಲೇ ಬಾಗಿಲು ತೆರೆಯುತ್ತಿದ್ದಳು. ಗಾಳಿಯ ವಾಸನೆಗೇ ಎದ್ದು ಬಂದಿದ್ದಳು. ಗಂಟೆ ಶುರುವಾಯಿತು. ಪಡುವಣ ಬಯಲಿನ ಉದ್ದಕ್ಕೂ ಜನ ಎದ್ದು ನಿಂತರು. ಕೂಳೆ ಆರಿಸುತ್ತಿದ್ದ ಹೆಂಗಸರು ಸೆರಗು ಬಿಗಿದು ಬಂದರು, ಎತ್ತಿನ ಕೊರಳ ಗೆಜ್ಜೆ ದಾರಿಯಲ್ಲಿ ಕೇಳಿಸಿತು, ಮಾಬುಬಿ ಉಳಿದ ಆಡುಗಳನ್ನು ಹೊಡೆದುಕೊಂಡು ಓಡೋಡಿ ಬಂದಳು. ಇಡೀ ಹೊಲ ಖಾಲಿಯಾಗುವುದನ್ನು ಸೌಭಾಗ್ಯ ನೋಡುತ್ತ ನಿಂತಳು. ಇಂಥ ದೊಡ್ಡ ಕೆಲಸವನ್ನು ಇಷ್ಟು ವರ್ಷ ಒಬ್ಬ ಮುದುಕಿ ಸುಮ್ಮನೆ ಮಾಡಿಕೊಂಡು ಬಂದಿದ್ದಳಲ್ಲ ಎಂದು ಅವಳಿಗೆ ಕಾಲು ಮುಟ್ಟಬೇಕೆನ್ನಿಸಿತು.

“ಆಯಿ, ಎಲ್ಲಾರೂ ಬಂದ್ರು. ಸಾಕು ಬಿಡ್ರಿ.”

ನೀಲಾಬಾಯಿ ಕಣ್ಣು ಮುಚ್ಚಿದ್ದಳು, ಗಂಟೆ ಜಗ್ಗುತ್ತಲೇ ಇದ್ದಳು. ಗುಡುಗು ಒಂದು ಹೊಲದಷ್ಟು ಹತ್ತಿರ ಬಂತು. ಸೌಭಾಗ್ಯ ಮತ್ತೆ ಕರೆದಳು. ಗಂಟೆ ನಿಲ್ಲಲಿಲ್ಲ. ಒಳಗೆ ನುಗ್ಗಿ ಎಳೆದು ತರಬೇಕೆಂದು ಒಂದು ಹೆಜ್ಜೆ ಇಟ್ಟಳು, ನಿಂತಳು. ಎಳೆದು ತಂದರೆ ಅದು ಇನ್ನೊಂದು ಬೀಗವಾಗುತ್ತದೆ. ಇಂದು ತಂದೇನು, ಮುಂದಿನ ಮೋಡಕ್ಕೆ ಯಾರು ತರುತ್ತಾರೆ. ಅವಳು ಹೊಸ್ತಿಲಲ್ಲೇ ಪ್ರಾರ್ಥಿಸಿದಳು. ಸಿಡಿಲನ್ನು ತಡೆ ಎಂದು ಬೇಡಲಿಲ್ಲ. ಈ ಮುದುಕಿಯ ಕೈ ಬಿಡಿಸು ಎಂದು ಬೇಡಿದಳು. ಯಾರಿಗೆ ಪ್ರಾರ್ಥನೆ ಮಾಡುತ್ತಿದ್ದೇನೆ ಎಂಬ ಅನುಮಾನ ಆಗ ಅವಳಿಗೆ ಇರಲಿಲ್ಲ.

ನೀಲಾಬಾಯಿ ಕಣ್ಣು ತೆರೆದಳು. ಮೇಲೆ ಗಂಟೆಯನ್ನೊಮ್ಮೆ ನೋಡಿದಳು, ಬಾಗಿಲಲ್ಲಿ ನಿಂತವಳನ್ನೊಮ್ಮೆ ನೋಡಿದಳು. ಸರಪಳಿ ಬಿಟ್ಟಳು. ಸೀರೆ ಎತ್ತಿ ಹಿಡಿದು, ಊದಿದ ಕಾಲಿನಲ್ಲಿ, ಅವಳು ಅಂಗಳ ದಾಟಿದ ವೇಗಕ್ಕೆ ಸೌಭಾಗ್ಯಳೇ ಹಿಂದೆ ಬಿದ್ದಳು.

ಇಬ್ಬರೂ ಮನೆಯೊಳಗೆ ಬಂದು ಬಾಗಿಲು ಹಾಕಿದ್ದರಷ್ಟೆ. ಬೆಳಕೂ ಸಪ್ಪಳವೂ ಒಟ್ಟಿಗೇ ಬಂದವು. ಗೋಡೆಯ ಮೇಲಿನ ಕ್ಯಾಲೆಂಡರ್ ಕಳಚಿ ಬಿತ್ತು. ಆಮೇಲೆ ಮಳೆ ಸುರಿಯಿತು. ನೀಲಾಬಾಯಿ ಕೆಲಸವಿಲ್ಲದ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಸೌಭಾಗ್ಯ ಅವನ್ನು ಹಿಡಿದುಕೊಂಡಳು. ಅಂಗೈ ತುಂಬ ದಡ್ಡು ಕಟ್ಟಿದ್ದ ಆ ಕೈಗಳು ಮಳೆ ನಿಲ್ಲುವವರೆಗೂ ಬೆಚ್ಚಗೆ ಅವಳ ಕೈಯಲ್ಲಿದ್ದವು.

ಮಳೆ ನಿಂತ ಮೇಲೆ ಊರೇ ಗೋಪುರದ ಮುಂದೆ ನೆರೆಯಿತು. ಶಿಲುಬೆ ಕಪ್ಪಾಗಿತ್ತು. ಸರಪಳಿಯ ಕೊಂಡಿಗಳು ಕೆಲವು ಕಡೆ ಕರಗಿ ಒಂದಕ್ಕೊಂದು ಅಂಟಿದ್ದವು. ಅದರ ತುದಿಯ ಕೆಳಗೆ, ನೀಲಾಬಾಯಿ ಯಾವಾಗಲೂ ನಿಲ್ಲುತ್ತಿದ್ದ ಚಪ್ಪಡಿ ಕಲ್ಲು ನಡುವೆ ಸೀಳಿತ್ತು. ಯಾರೋ ಕರ್ತನ ಕೃಪೆ ಎಂದರು, ಯಾರೋ ಫೋನಿನ ಪುಣ್ಯ ಎಂದರು, ಎರಡು ಕಡೆಯವರೂ ತೀರ್ಪು ಕೊಡಲಿ ಎಂಬಂತೆ ಸೌಭಾಗ್ಯಳ ಮುಖ ನೋಡಿದರು. ಅವಳು ನೀಲಾಬಾಯಿಯ ಕಡೆ ತಿರುಗಿದಳು.

ನೀಲಾಬಾಯಿ ಬಗ್ಗಿ, ಸೀಳಿದ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿದಳು. ಆಮೇಲೆ ಸೌಭಾಗ್ಯಳ ತೋಳು ಹಿಡಿದು ಎದ್ದು ನಿಂತಳು.

“ಇಷ್ಟ ವರ್ಷ ಊರಿಗೆಲ್ಲ ಬಾರಿಸಿದೆ ಅಕ್ಕಾರ,” ಎಂದಳು. “ಇವತ್ತ ನನಗೂ ಕೇಳಿಸ್ತು.”